ಫೋಟೋದಲ್ಲಿ ಕಾಣದ ಖರ್ಚು

ಅಕ್ಕನ ಮಗ ಐ20 ಎನ್ ಲೈನ್ ಕೊಂಡಿದ್ದಾನೆ. ಕಾರು ಮನೆಗೆ ಬಂದು ಇನ್ನೂ ವಾರವಾಗಿಲ್ಲ. ಆಗಲೇ ಯಾವುದೋ ಅಂಗಡಿಯವರು ಕೊಟ್ಟ ಪಟ್ಟಿಯನ್ನು ವಾಟ್ಸಾಪ್‌ನಲ್ಲಿ ಕಳಿಸಿ, ‘ಮಾವ, ಇದರಲ್ಲಿ ಮೊದಲು ಯಾವುದನ್ನು ಮಾಡಿಸಲಿ?’ ಎಂದು ಕೇಳಿದ್ದಾನೆ. ರೀಮ್ಯಾಪ್, ಗುಡುಗುವ ಎಕ್ಸಾಸ್ಟ್, 17 ಇಂಚಿನ ಅಲಾಯ್ ಚಕ್ರ, ಕಾರನ್ನು ತಗ್ಗಿಸುವ ಸ್ಪ್ರಿಂಗ್, ಕೊನೆಯಲ್ಲಿ ಬಣ್ಣ ಕಾಯಲೆಂದು ಐದು ವರ್ಷ ಗ್ಯಾರಂಟಿಯ ಸೆರಾಮಿಕ್ ಕೋಟಿಂಗ್. ಇಂಥದೇ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು ನಾನೂ ಒಂದು ಕಾಲದಲ್ಲಿ ಓಡಾಡಿದವನು. ಒಂದು ಸಾಲಿನಲ್ಲಿ ಉತ್ತರ ಕೊಡೋಣವೆಂದು ಕುಳಿತೆ, ಇಷ್ಟುದ್ದವಾಯಿತು.

ನನ್ನದು 2014ರ ಪೋಲೊ ಜಿಟಿ ಟಿಎಸ್‌ಐ. ಕೆಂಪು ಬಣ್ಣ, ಸೆಕೆಂಡ್ ಹ್ಯಾಂಡ್. 1.2 ಲೀಟರ್ ಟರ್ಬೊ ಎಂಜಿನ್, 105 ಅಶ್ವಶಕ್ತಿ. ಈಗ ಕೇಳಿದರೆ ದೊಡ್ಡ ಸಂಖ್ಯೆಯಲ್ಲ. ಆದರೆ 175 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ, 1,500 ಆರ್‌ಪಿಎಂನಲ್ಲೇ ಕೈಗೆ ಸಿಗುತ್ತದೆ. ಸಕಲೇಶಪುರ ದಾಟಿದ ಮೇಲೆ ಆ ಕಾರು ಕೊಡುವ ಖುಷಿಗೆ ಸಾಲ ಮಾಡಿದ್ದೂ ಮರೆತುಹೋಗುತ್ತಿತ್ತು.

ನಾನು ಮೊದಲು ಮಾಡಿಸಿದ್ದು ರೀಮ್ಯಾಪ್. ಎಂಜಿನ್ನಿನ ಕಂಪ್ಯೂಟರಿಗೆ ಹೊಸ ಲೆಕ್ಕಾಚಾರ ತುಂಬಿ, ಟರ್ಬೊ ಇನ್ನಷ್ಟು ಗಾಳಿ ನೂಕುವಂತೆ ಮಾಡುವುದು. ಒಂದು ಬೋಲ್ಟ್ ಬಿಚ್ಚಬೇಕಿಲ್ಲ, ಲ್ಯಾಪ್‌ಟಾಪ್ ಸಾಕು. ಕಾರು ಬಾಣದಂತೆ ಹೊರಟಿತು, ಸುಳ್ಳು ಹೇಳುವುದಿಲ್ಲ. ಆದರೆ ಈ ಪೋಲೊದ ಡಿಎಸ್‌ಜಿ ಎಂಬ ಏಳು ಗೇರಿನ ಆಟೊಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿರುವುದು ಆಯಿಲ್‌ನಲ್ಲಿ ಮುಳುಗದ ಒಣ ಕ್ಲಚ್. ಅದು ತಡೆಯುವ ಮಿತಿ 250 ನ್ಯೂಟನ್ ಮೀಟರ್. ಬೆಂಗಳೂರಿನ ಸಿಗ್ನಲ್‌ಗಳಲ್ಲಿ ಇಂಚಿಂಚಾಗಿ ತೆವಳುತ್ತಲೇ ಅರ್ಧ ಸವೆಯುವ ಕ್ಲಚ್ಚಿಗೆ ಮೇಲಿನಿಂದ ರೀಮ್ಯಾಪ್ ಏರಿಸಿದ ಟಾರ್ಕಿನ ಹೊರೆ ಬೇರೆ. ಅಂಗಡಿಯವರು ಅಶ್ವಶಕ್ತಿಯ ಲೆಕ್ಕ ಹೇಳಿದರು. ಕ್ಲಚ್ಚಿನ ಸುದ್ದಿಯನ್ನು ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಬುದ್ಧಿ ಬಂದದ್ದು ಶಿರಾಡಿ ಘಾಟಿ ಇಳಿಯುವಾಗ. ಹೊಸ ಶಕ್ತಿಯ ಅಮಲಿನಲ್ಲಿ ಪ್ರತಿ ತಿರುವಿಗೂ ಮೊದಲಿಗಿಂತ ಜೋರಾಗಿ ಬಂದು ಮೊದಲಿಗಿಂತ ತಡವಾಗಿ ಬ್ರೇಕ್ ಒತ್ತುತ್ತಿದ್ದೆ. ಐದಾರು ತಿರುವು ಕಳೆದಿರಬೇಕು, ಸುಟ್ಟ ವಾಸನೆ ಬಂತು, ಪೆಡಲ್ ಮೆತ್ತಗಾಗಿ ಒಳಕ್ಕಿಳಿಯಿತು. ಮುಂದೆ ಟ್ಯಾಂಕರ್. ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ರಸ್ತೆಯ ಅಂಚಿನಲ್ಲಿ ಹೇಗೋ ನಿಂತೆ. ಕೈ ನಡುಗುತ್ತಿತ್ತು. ಪಕ್ಕದಲ್ಲಿದ್ದ ಹೆಂಡತಿ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಆಮೇಲೆ ಗ್ಯಾರೇಜಿನಲ್ಲಿ ತಿಳಿದದ್ದು ಇಷ್ಟು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತೇವ ಹೆಚ್ಚಿದಷ್ಟೂ ಬೇಗ ಕುದಿಯುತ್ತದೆ, ಕುದಿದರೆ ಪೈಪಿನೊಳಗೆ ಆವಿಯ ಗುಳ್ಳೆ, ಗುಳ್ಳೆಯನ್ನು ಒತ್ತಿದರೆ ಬ್ರೇಕ್ ಹಿಡಿಯುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದ ಆಯಿಲ್ ನನ್ನ ಕಾರಿನಲ್ಲಿ ಹಿಂದಿನ ಮಾಲೀಕರ ಕಾಲದ್ದೇ ಇತ್ತು. ಜೊತೆಗೆ ಶಾಲೆಯಲ್ಲಿ ಓದಿ ಮರೆತ ಪಾಠ ಬೇರೆ: ವೇಗ 80ರಿಂದ 100ಕ್ಕೆ ಏರಿದರೆ ಬ್ರೇಕ್ ನುಂಗಬೇಕಾದ ಶಕ್ತಿ ಕಾಲು ಭಾಗ ಅಲ್ಲ, ಅರ್ಧಕ್ಕಿಂತಲೂ ಹೆಚ್ಚುತ್ತದೆ. ಆಯಿಲ್, ಒಳ್ಳೆಯ ಪ್ಯಾಡ್, 185 ಅಗಲದ ಹಳೆಯ ಟೈರಿನ ಜಾಗಕ್ಕೆ 195ರ ಮೃದುವಾದ ಟೈರ್. ಎಲ್ಲ ಸೇರಿ ರೀಮ್ಯಾಪಿಗಿಂತ ಹೆಚ್ಚೇನೂ ಆಗಲಿಲ್ಲ. ಕಾರು ನಿಜವಾಗಿ ಬದಲಾದದ್ದು ಆ ದಿನ. ಆದರೆ ಅದರ ಫೋಟೋ ತೆಗೆದು ಯಾರಿಗೆ ತೋರಿಸಲಿ? ಕಪ್ಪು ಟೈರ್ ಕಪ್ಪಾಗಿಯೇ ಇರುತ್ತದೆ.

ಎಕ್ಸಾಸ್ಟ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಬೆಳಗಿನ ಜಾವ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಸ್ಟಾರ್ಟ್ ಮಾಡಿ ನೋಡಿದರೆ ನೆರೆಹೊರೆಯವರೇ ವಿವರಿಸುತ್ತಾರೆ. ಕಾನೂನೂ ಇದೆ. ಕಂಪನಿಯ ಮೂಲ ವಿವರಕ್ಕೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಬೀಳಬಹುದು, ಜೈಲು ಶಿಕ್ಷೆಗೂ ಅವಕಾಶವಿದೆ. ನನ್ನ ರೀಮ್ಯಾಪನ್ನು ಅಳಿಸಿ ಮೂಲ ಸ್ಥಿತಿಗೆ ತರಿಸಿದ್ದೇನೆ. ಕಾನೂನಿಗೆ ಹೆದರಿ ಎಂದರೆ ಪೂರ್ತಿ ನಿಜವಲ್ಲ, ಕ್ಲಚ್ಚಿನ ಬೆಲೆ ಕೇಳಿ ಹೆದರಿದ್ದೇ ಹೆಚ್ಚು.

ಇನ್ನು ಬಣ್ಣದ ವಿಷಯ. ಇಲ್ಲಿ ನಾನು ಸ್ವಲ್ಪ ಹುಚ್ಚ ಎಂದು ಮನೆಯವರ ಅಭಿಪ್ರಾಯ.

ಕಾರಿನ ಹೊಳಪೆಲ್ಲ ಇರುವುದು ಮೇಲಿನ ಪಾರದರ್ಶಕ ಕ್ಲಿಯರ್ ಕೋಟ್‌ನಲ್ಲಿ. ಅದರ ದಪ್ಪ ಸಾಮಾನ್ಯವಾಗಿ 40–50 ಮೈಕ್ರಾನ್, ತಲೆಗೂದಲಿಗಿಂತ ತೆಳು. ಪಾಲಿಶ್ ಮಾಡಿದರೆ ಗೀರು ತುಂಬಿಕೊಳ್ಳುತ್ತದೆ ಎಂದು ನಾನು ನಂಬಿದ್ದೆ. ಇಲ್ಲ. ಗೀರಿನ ಆಳದವರೆಗೆ ಸುತ್ತಲಿನ ಪದರವನ್ನೇ ತೇಯುತ್ತಾರೆ. ಗಂಧದ ಕೊರಡಿನ ಹಾಗೆ, ತೇದದ್ದು ತಿರುಗಿ ಬರುವುದಿಲ್ಲ. ಮೊದಲ ಎರಡು ವರ್ಷದಲ್ಲಿ ನಾನು ಮೂರು ಸಲ ಪಾಲಿಶ್ ಮಾಡಿಸಿದ್ದೆ.

ಸೆರಾಮಿಕ್ ಕೋಟಿಂಗ್ ಕೆಟ್ಟದ್ದಲ್ಲ. ನೀರು ಮುತ್ತಾಗಿ ಉರುಳುತ್ತದೆ, ಕೊಳೆ ಸುಲಭವಾಗಿ ಬಿಡುತ್ತದೆ. ಆದರೆ ‘9ಎಚ್ ಗಡಸುತನ’ ಎಂದು ಫಲಕ ಹಾಕುತ್ತಾರಲ್ಲ, ಅದು ಪೆನ್ಸಿಲಿನಿಂದ ಗೀರಿ ನೋಡುವ ಪರೀಕ್ಷೆಯ ಅಂಕಿ. ವಜ್ರದ ಗಡಸುತನದ ಅಳತೆಗೂ ಅದಕ್ಕೂ ನಂಟಿಲ್ಲ. ಕೋಟಿಂಗ್ ಮಾಡಿಸಿದ ತಿಂಗಳಲ್ಲೇ ಕುಣಿಗಲ್ ಹತ್ತಿರ ಜೆಲ್ಲಿ ತುಂಬಿದ ಲಾರಿಯ ಹಿಂದೆ ಸಿಕ್ಕಿ ಬಾನೆಟ್ಟಿನ ಮೇಲೆ ನಾಲ್ಕು ಕಡೆ ಬಣ್ಣ ಹಾರಿತು. ಒಂದೆರಡು ಮೈಕ್ರಾನ್ ಪದರ ಕಲ್ಲನ್ನು ಹೇಗೆ ತಡೆದೀತು? ಕಲ್ಲಿಗೆ ಮದ್ದು ಪಿಪಿಎಫ್ ಎಂಬ ಪಾರದರ್ಶಕ ಪ್ಲಾಸ್ಟಿಕ್ ಹಾಳೆ. ದಪ್ಪ 150ರಿಂದ 200 ಮೈಕ್ರಾನ್, ಸಣ್ಣ ಗೀರು ಬಿದ್ದರೆ ಬಿಸಿಲಿಗೆ ತಾನೇ ಮಾಯುತ್ತದೆ. ಇಡೀ ಕಾರಿಗೆ ನನಗೆ ಹೇಳಿದ ಬೆಲೆ ಲಕ್ಷ ದಾಟಿತ್ತು. ಹಳೆಯ ಪೋಲೊಗೆ ಅದು ಮೂಗಿಗಿಂತ ಮೂಗುತಿ ಭಾರ. ಮುಂದಿನ ಬಂಪರ್, ಬಾನೆಟ್ಟಿನ ಅಂಚು, ಕನ್ನಡಿಗಳು, ಬಾಗಿಲ ಹಿಡಿಯ ಹಿಂದೆ ಉಗುರು ತಾಗುವ ಜಾಗ, ಇಷ್ಟಕ್ಕೆ ಮಾತ್ರ ಅಂಟಿಸಿಕೊಂಡೆ. ಹಾಳೆಯೋ ಕೋಟಿಂಗೋ, ಹಾಕುವ ಮೊದಲು ಬಣ್ಣವನ್ನು ಸರಿಪಡಿಸಿರಬೇಕು. ಇಲ್ಲದಿದ್ದರೆ ಹಳೆಯ ಗೀರಿಗೇ ಗಾಜು ಹಾಕಿ ಚೌಕಟ್ಟು ಕಟ್ಟಿದಂತೆ.

ಅಂದಹಾಗೆ, ಬಣ್ಣಕ್ಕೆ ಅತಿ ಹೆಚ್ಚು ಪೆಟ್ಟು ಬೀಳುವುದು ಹೆದ್ದಾರಿಯಲ್ಲಿ ಅಲ್ಲ, ಮನೆಯ ಕೆಳಗೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ದಿನಾ ಬೆಳಿಗ್ಗೆ ಒಬ್ಬ ಹುಡುಗ ಇಪ್ಪತ್ತು ಕಾರು ಒರೆಸುತ್ತಿದ್ದ. ಒಂದು ಬಕೆಟ್, ಒಂದು ಬಟ್ಟೆ. ಮೊದಲ ಕಾರಿನ ಮಣ್ಣು ಇಪ್ಪತ್ತನೆಯದಕ್ಕೆ ಉಪ್ಪುಕಾಗದ. ಸಂಜೆಯ ಬಿಸಿಲಿನಲ್ಲಿ ನನ್ನ ಕೆಂಪು ಬಾನೆಟ್ಟಿನ ಮೇಲೆ ಜೇಡರ ಬಲೆ ಹೆಣೆದಂತೆ ಗೀರುಗಳು ಕಾಣುತ್ತಿದ್ದವು. ತಪ್ಪು ಅವನದಲ್ಲ; ತಿಂಗಳಿಗೆ ಕೊಡುವ ಪುಡಿಗಾಸಿಗೆ ಬೇರೆ ಏನು ಸಿಗಬೇಕಿತ್ತು ನಮಗೆ? ‘ಧೂಳಿದ್ದರೂ ಪರವಾಗಿಲ್ಲ, ಮುಟ್ಟಬೇಡಪ್ಪ, ದುಡ್ಡು ಮಾತ್ರ ಎಂದಿನಂತೆ ತೆಗೆದುಕೋ’ ಎಂದಾಗ ಅವನು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ಈಗ ಭಾನುವಾರ ನಾನೇ ತೊಳೆಯುತ್ತೇನೆ. ಮೊದಲು ನೀರು ಹಾಯಿಸಿ ಮಣ್ಣು ಇಳಿಸುವುದು. ಆಮೇಲೆ ಎರಡು ಬಕೆಟ್: ಒಂದರಲ್ಲಿ ಶ್ಯಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು. ಮೇಲಿನಿಂದ ಕೆಳಕ್ಕೆ, ಚಕ್ರಗಳಿಗೆ ಬೇರೆಯೇ ಬಟ್ಟೆ. ನಮ್ಮದು ಬೋರ್‌ವೆಲ್ಲಿನ ಗಡಸು ನೀರು, ಬಿಸಿಲಿಗೆ ಒಣಗಲು ಬಿಟ್ಟರೆ ಸುಣ್ಣದ ಬಿಳಿ ಉಂಗುರಗಳು ಉಳಿಯುತ್ತವೆ, ಅದಕ್ಕೇ ಏಳು ಗಂಟೆಯೊಳಗೆ ಮುಗಿಸುತ್ತೇನೆ. ಹಕ್ಕಿಯ ಹಿಕ್ಕೆ ಕಂಡರೆ ಮಾತ್ರ ಭಾನುವಾರಕ್ಕೆ ಕಾಯುವುದಿಲ್ಲ, ಒದ್ದೆ ಬಟ್ಟೆ ಹಾಸಿ ನೆನೆಸಿ, ಉಜ್ಜದೆ ಎತ್ತುತ್ತೇನೆ. ಮಳೆಮರದ ಕೆಳಗೆ ನೆರಳಿದೆಯೆಂದು ನಿಲ್ಲಿಸುವ ಆಸೆಯನ್ನೂ ಬಿಟ್ಟಿದ್ದೇನೆ. ಅದು ಸುರಿಸುವ ಅಂಟಿಗಿಂತ ಬಿಸಿಲೇ ಮೇಲು.

ಬಾನೆಟ್ಟಿನ ಆ ನಾಲ್ಕು ಚುಕ್ಕೆಗಳಿಗೆ ಟಚ್‌ಅಪ್ ಪೆನ್ನಿನಿಂದ ಕೆಂಪು ತುಂಬಿದ್ದೇನೆ. ಹತ್ತಿರ ಹೋದರೆ ಕಾಣುತ್ತವೆ. ಇರಲಿ, ಕುಣಿಗಲ್ ದಾಟಿ ಊರಿಗೆ ಹೋಗಿದ್ದಕ್ಕೆ ಆದದ್ದು.

ಇದನ್ನು ಓದಿ ಅಕ್ಕನ ಮಗ ಫೋನ್ ಮಾಡಿದ. ‘ಹಾಗಾದರೆ ಎಕ್ಸಾಸ್ಟ್ ಬೇಡವಾ ಮಾವ?’ ಇಷ್ಟು ಬರೆದ ಮೇಲೂ ಅವನಿಗೆ ಉಳಿದದ್ದು ಅದೊಂದೇ ಪ್ರಶ್ನೆ. ಭಾನುವಾರ ಆರೂವರೆಗೆ ಕಾರು ತೆಗೆದುಕೊಂಡು ಬಾ ಎಂದಿದ್ದೇನೆ. ಇನ್ನೆರಡು ಬಕೆಟ್ ತರಬೇಕು.