ಅಕ್ಷರ ಬಂತು, ಓದು ಎಲ್ಲಿ?

ಮಗಳಿಗೆ ಐದು ವರ್ಷ. ಕನ್ನಡ ಓದಲು ಕಲಿಸೋಣ ಅಂತ ಒಂದಲ್ಲ, ನಾಲ್ಕು ವೆಬ್‌ಸೈಟ್ ತೆರೆದು ನೋಡಿದೆ. ಎಲ್ಲ ಕಡೆ ಅದೇ ಕಥೆ. ಅ ಅಂದರೆ ಅರಸ, ಆ ಅಂದರೆ ಆನೆ. ಒತ್ತಿದರೆ ಚಪ್ಪಾಳೆ, ನಕ್ಷತ್ರ, ಬಲೂನು. 49 ಅಕ್ಷರ ಮುಗಿದರೆ ಪಾಠವೂ ಮುಗಿಯಿತು! ಮುಂದೆ?

ಮೊನ್ನೆ ಅವಳು ಹಾಳೆಯಲ್ಲಿದ್ದ 'ಅಮ್ಮ' ಅನ್ನೋ ಪದದ ಮೇಲೆ ಬೆರಳಿಟ್ಟು 'ಅ... ಮ...' ಅಂದು ನಿಂತಳು. "ಅಪ್ಪಾ, ಕೆಳಗೆ ಇದೇನು?" ಅಂದಳು. ಮ ಗೊತ್ತು, ಮ ಒತ್ತು ಗೊತ್ತಿಲ್ಲ. ಕ ಒತ್ತು ಆದರೂ ಕ ಥರಾನೇ ಕಾಣುತ್ತದೆ. ತ, ನ, ಮ, ಯ, ರ, ಲ ಇವುಗಳ ಒತ್ತಿಗೂ ಅಕ್ಷರಕ್ಕೂ ಹೋಲಿಕೆಯೇ ಇಲ್ಲ. ಅದನ್ನು ಯಾರಾದರೂ ಕೂತು ಹೇಳಿಕೊಡಬೇಕಲ್ವಾ? ಕಾಗುಣಿತಕ್ಕೂ ಇದೇ ಗತಿ. ಕಿ, ಕೀ, ಕೆ, ಕೇ ಅಂತ ಒಂದು ಪಟ್ಟಿ ಹಾಕಿ ಕೈ ತೊಳೆದುಕೊಂಡಿದ್ದಾರೆ.

ದನಿಯಂತೂ ಇನ್ನೂ ಬೇಜಾರು. ಒಂದು ಕಡೆ ಳ ಒತ್ತಿದರೂ ಲ ಅನ್ನುತ್ತೆ. ಮಗು ಈಗ 'ಮಳೆ'ಗೆ 'ಮಲೆ' ಅನ್ನುತ್ತಿದೆ. ತಿದ್ದಿದರೆ, "ಕಂಪ್ಯೂಟರ್ ಹಾಗೇ ಹೇಳಿತು" ಅಂತ ನನ್ನ ಮೇಲೇ ಸಿಟ್ಟು.

ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅನ್ನೋ ವೆಬ್‌ಸೈಟ್‌ನಲ್ಲಿ ಹಂತ ಹಂತದ ಕನ್ನಡ ಕಥೆಗಳು ಪುಕ್ಕಟೆ ಸಿಗುತ್ತವೆ, ಅದೊಂದು ಸಮಾಧಾನ. ಆದರೆ ಅಲ್ಲಿಗೆ ತಲುಪಬೇಕಾದರೆ ನಡುವಿನ ಮೆಟ್ಟಿಲು ಬೇಕು. ಸದ್ಯಕ್ಕೆ ಸ್ಲೇಟು, ಬಳಪ ತಂದಿದ್ದೇನೆ. ನಿನ್ನೆ ರಾತ್ರಿ 'ಅಕ್ಕ' ಬರೆದು, ತಾನೇ ಓದಿದಳು.