ಸತ್ಯಾಂಶ: ಇಳಿಜಾರಿನಲ್ಲಿ ಓಡಿದರೆ ಆನೆ ಹಿಂದೆ ಬರುವುದಿಲ್ಲವೇ?

"ಆನೆ ಅಟ್ಟಿಸಿಕೊಂಡು ಬಂದರೆ ಇಳಿಜಾರಿನತ್ತ ಓಡಿ, ಅದಕ್ಕೆ ಇಳಿಯಲು ಬಾರದು" ಎಂಬ ಸಂದೇಶ ಮಳೆ ತಗ್ಗಿ ಚಾರಣದ ದಿನಗಳು ಶುರುವಾದೊಡನೆ ವಾಟ್ಸ್‌ಆ್ಯಪ್‌ನಲ್ಲಿ ಮತ್ತೆ ಸುತ್ತತೊಡಗುತ್ತದೆ. ಇದು ನಿಜವಲ್ಲ.

ಕೊಡಗಿನ ಬೆಟ್ಟಗಳಲ್ಲಿ ನಡೆದವರು ಕಡಿದಾದ ಏರಿನಲ್ಲೂ ಆನೆ ಲದ್ದಿ ಕಂಡಿರುತ್ತಾರೆ. ಏರಿದ ಆನೆ ಇಳಿಯಲೇಬೇಕಲ್ಲ! ತೀರಾ ಕಡಿದಾದಲ್ಲಿ ಅದು ಹಿಂಗಾಲು ಮಡಚಿ ಜಾರಿಕೊಂಡೂ ಬರುತ್ತದೆ. ಏಷ್ಯಾದ ಆನೆಯ ವೇಗ ಗಂಟೆಗೆ ಸುಮಾರು 25 ಕಿ.ಮೀ. ಮುಟ್ಟಿದ್ದನ್ನು ವಿಜ್ಞಾನಿಗಳು ಅಳೆದಿದ್ದಾರೆ. ಒದ್ದೆ ಎಲೆ, ಬೇರು, ಸಡಿಲ ಕಲ್ಲುಗಳ ನಡುವೆ ಬೆನ್ನಿಗೆ ಚೀಲ ಹೊತ್ತ ನಾವು? ಮೊದಲು ಮುಗ್ಗರಿಸುವವರು ನಾವೇ.

ಸಂದೇಶದಲ್ಲಿ ಒಂದೆಳೆ ಸತ್ಯವಿದೆ: ಭಾರಿ ದೇಹದಿಂದಾಗಿ ಕಡಿದಾದಲ್ಲಿ ಆನೆ ನಿಧಾನವಾಗುತ್ತದೆ. ಅಷ್ಟನ್ನೇ ನಂಬಿ ಪ್ರಾಣ ಪಣಕ್ಕಿಡಲಾಗದು.

ನಿಜವಾದ ರಕ್ಷಣೆ ಇರುವುದು ಅಂತರದಲ್ಲಿ. ಹಸಿ ಲದ್ದಿ, ಆಗಷ್ಟೇ ಮುರಿದ ಬಿದಿರು ಕಂಡರೆ ಬಂದ ದಾರಿಯಲ್ಲೇ ಹಿಂತಿರುಗಿ. ಮರಿಯಿರುವ ಹಿಂಡಾದರೆ ಫೋಟೊದ ಆಸೆ ಬಿಡಿ. ಅರಣ್ಯ ಇಲಾಖೆಯ ಮಾರ್ಗದರ್ಶಕರು ಜೊತೆಗಿದ್ದರೆ ಅವರ ಮಾತೇ ಅಂತಿಮ. ಆನೆ ಅಟ್ಟಿಸಿಕೊಂಡು ಬಂದೇಬಿಟ್ಟರೆ ದೊಡ್ಡ ಬಂಡೆ ಅಥವಾ ದಪ್ಪ ಮರಗಳ ಮರೆ ಸೇರಿ. ಚೀಲವನ್ನು ಕೆಳಗೆಸೆದರೆ ಕೆಲವೊಮ್ಮೆ ಅದರ ಗಮನ ಅತ್ತ ತಿರುಗುವುದುಂಟು.