ಇಂಟರ್‌ವ್ಯೂಗೆ ಹೋಗುವ ಮೊದಲು ಕೂದಲು ಕಪ್ಪಾಗಬೇಕಾ?

ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಇಂಟರ್‌ವ್ಯೂ ಹತ್ತಿರ ಬಂತೆಂದರೆ ಎರಡು ಬಗೆಯ ಜನ ಕೂದಲಿಗೆ ಕಪ್ಪು ಹಚ್ಚುತ್ತಾರೆ. ಧಾರವಾಡದ ಸಪ್ತಾಪುರದ ರೂಮುಗಳಲ್ಲಿ ಕೂತು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಬರ್ಗಂಡಿ, ಕಂದು ಬಣ್ಣ ಮುಚ್ಚಲು ಹಚ್ಚುತ್ತಾರೆ. ನಲವತ್ತು ದಾಟಿದವರು ನರೆ ಮುಚ್ಚಲು ಹಚ್ಚುತ್ತಾರೆ. ಎರಡಕ್ಕೂ ಹಿರಿಯರು ಕೊಡುವ ಸಲಹೆ ಒಂದೇ, ‘ಸ್ವಲ್ಪ ನೀಟಾಗಿ ಕಾಣು’. ನನಗೆ ಈ ಎರಡೂ ಒಂದೇ ಅನಿಸುವುದಿಲ್ಲ.

ಹುಡುಗರ ವಿಷಯದಲ್ಲಿ ನನಗೆ ತಕರಾರಿಲ್ಲ. ಯುಪಿಎಸ್‌ಸಿಯ ನಾಗರಿಕ ಸೇವಾ ಪರೀಕ್ಷೆಯಲ್ಲಿ ಒಟ್ಟು 2025 ಅಂಕ, ಅದರಲ್ಲಿ ಇಂಟರ್‌ವ್ಯೂಗೇ 275. ವರ್ಷಗಟ್ಟಲೆ ಓದಿ, ಆ ಇಂಟರ್‌ವ್ಯೂ ನಡೆಯುವ ದಿಲ್ಲಿಯ ಧೋಲ್‌ಪುರ ಹೌಸ್‌ ತನಕ ಹೋದವರಿಗೆ ಅಲ್ಲಿ ಯಾರ ಕಣ್ಣೂ ತಮ್ಮ ಕೂದಲ ಮೇಲೆ ನಿಲ್ಲದಿರಲಿ ಎನಿಸುವುದು ಸಹಜ. ಆಸೆಯಿಂದ ಹಚ್ಚಿದ ಬಣ್ಣ ಅದು, ಬೇಕಾದಾಗ ಮತ್ತೆ ಹಚ್ಚಬಹುದು. ಒಂದು ಮಾತು ಮಾತ್ರ ನೆನಪಿರಲಿ. ಕಡುಗಪ್ಪು ಬಣ್ಣ ಒಮ್ಮೆ ಕೂತರೆ ಅದರ ಮೇಲೆ ಕಂದು ಹಚ್ಚಿ ತಿಳಿ ಮಾಡಲು ಆಗುವುದಿಲ್ಲ, ಬ್ಲೀಚ್ ಮಾಡಬೇಕಾಗುತ್ತದೆ. ಕಡುಗಂದು ಸಾಕು.

ನರೆಯ ವಿಷಯ ಬೇರೆ. ಅದು ಯಾರೂ ಆಸೆಪಟ್ಟು ಹಚ್ಚಿಕೊಂಡದ್ದಲ್ಲ.

ನಮ್ಮ ವೈನಿ, ಅಂದರೆ ಅತ್ತಿಗೆ, ಹುಬ್ಬಳ್ಳಿಯ ವಿದ್ಯಾನಗರದಲ್ಲಿದ್ದಾರೆ. ಹೈಸ್ಕೂಲಿಗೆ ಗಣಿತ ಕಲಿಸುತ್ತಿದ್ದರು. ನಮ್ಮ ಅವ್ವ ಹಾಸಿಗೆ ಹಿಡಿದಾಗ ಕೆಲಸ ಬಿಟ್ಟರು. ನಾನು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದೆ, ಅಣ್ಣನಿಗೆ ಪಾಳಿಯ ಕೆಲಸ. ಅವ್ವನನ್ನು ನೋಡಿಕೊಂಡವರು ವೈನಿ. ಆ ವರ್ಷಗಳಲ್ಲೇ ಅವರ ಮುಂದಲೆ ನರೆಯಿತು. ಅವ್ವ ಹೋದ ಮೇಲೆ ಮತ್ತೆ ಕೆಲಸ ಹುಡುಕಿದರು. ಒಂದು ಖಾಸಗಿ ಶಾಲೆಯಿಂದ ಕರೆ ಬಂತು. ಆಗ ನನಗೆ ಫೋನ್ ಮಾಡಿ ಕೇಳಿದರು, “ಸೋಮವಾರ ಇಂಟರ್‌ವ್ಯೂ ಐತಿ. ಮುಂದಿನ ಕೂದಲೆಲ್ಲ ಬೆಳ್ಳಗಾಗ್ಯಾವ. ಕಪ್ಪು ಹಚ್ಚಿಕೊಂಡು ಹೋಗ್ಲೇನು?”

“ಬ್ಯಾಡ್ರಿ ವೈನಿ” ಅಂದೆ. ಮೊದಲ ಕಾರಣ ಬರೀ ಆರೋಗ್ಯದ್ದು. ಅವರು ಹಿಂದೆ ಎಂದೂ ಬಣ್ಣ ಹಚ್ಚಿದವರಲ್ಲ. ಕಾಯಂ ಕಪ್ಪು ಬಣ್ಣಗಳಲ್ಲಿ ಬಹಳಷ್ಟಕ್ಕೆ ಪಿಪಿಡಿ ಎಂಬ ರಾಸಾಯನಿಕ ಹಾಕಿರುತ್ತಾರೆ. ಕೆಲವರಿಗೆ ಅದು ಒಗ್ಗುವುದಿಲ್ಲ. ತುರಿಕೆ ಬರುತ್ತದೆ, ರೆಪ್ಪೆ ಊದಿಕೊಳ್ಳುತ್ತದೆ. ಅದೂ ಕೂಡಲೇ ಅಲ್ಲ, ಒಂದೆರಡು ದಿನ ಬಿಟ್ಟು. ಶನಿವಾರ ಹಚ್ಚಿದರೆ ಸರಿಯಾಗಿ ಸೋಮವಾರ ಬೆಳಗ್ಗೆ ಕಣ್ಣು ಊದಿರಬಹುದು. ಅದಕ್ಕೇ 48 ಗಂಟೆ ಮೊದಲು ಕಿವಿಯ ಹಿಂದೆ ಚೂರು ಹಚ್ಚಿ ನೋಡಿ ಎಂದು ಡಬ್ಬಿಯ ಮೇಲೆ ಬರೆದಿರುತ್ತಾರೆ. ನಮ್ಮಲ್ಲಿ ಎಷ್ಟು ಜನ ನೋಡುತ್ತಾರೆ ಹೇಳಿ. ಹುಬ್ಬಳ್ಳಿಯ ದುರ್ಗದಬೈಲು ಪೇಟೆಯಲ್ಲಿ ಕಪ್ಪು ಮೆಹಂದಿ ಪೊಟ್ಟಣ ಕೊಂಡವರು ಅದು ಬರೀ ಸೊಪ್ಪಿನ ಪುಡಿ ಅಂದುಕೊಳ್ಳುತ್ತಾರೆ. ಮೆಹಂದಿ ಎಲೆಯೊಂದೇ ಬಿಳಿ ಕೂದಲನ್ನು ಕಪ್ಪು ಮಾಡಲಾರದು, ಕಿತ್ತಳೆಗೆಂಪು ಮಾಡುತ್ತದೆ. ಕಪ್ಪಾಗಬೇಕಾದರೆ ನೀಲಿ ಗಿಡದ ಎಲೆಪುಡಿಯೋ ಪಿಪಿಡಿಯೋ ಸೇರಿರಬೇಕು. ಐರೋಪ್ಯ ಒಕ್ಕೂಟದಲ್ಲಿ ತಲೆಗೆ ಹಚ್ಚುವ ಹೊತ್ತಿಗೆ ಪಿಪಿಡಿ ಶೇಕಡಾ 2 ಮೀರಬಾರದೆಂಬ ನಿಯಮವಿದೆ. ಹದಿನಾರು ವರ್ಷದ ಒಳಗಿನವರಿಗೆ ಅಲ್ಲ ಎಂದು ಅಲ್ಲಿ ಡಬ್ಬಿಯ ಮೇಲೆ ಬರೆಯಲೇಬೇಕು.

ಎರಡನೆಯದು, ಕೆಲಸ ಸಿಕ್ಕ ಮೇಲಿನ ಲೆಕ್ಕ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಮೂರೇ ವಾರಕ್ಕೆ ಬೈತಲೆಯಲ್ಲಿ ಬಿಳಿ ಗೆರೆ. ಅಂದರೆ ಒಂದು ಸೋಮವಾರಕ್ಕೆಂದು ಹಚ್ಚಿದ್ದನ್ನು ನಿವೃತ್ತಿಯ ತನಕ ಹಚ್ಚುತ್ತಿರಬೇಕು. ಮೊದಲಿಂದ ಹಚ್ಚುವವರು, ಅದು ಇಷ್ಟವಿರುವವರು ಆರಾಮಾಗಿ ಹಚ್ಚಿಕೊಳ್ಳಲಿ, ಅವರಿಗೆ ನಾನು ಏನೂ ಹೇಳುತ್ತಿಲ್ಲ. ಹೆದರಿಕೆಯಿಂದ ಹಚ್ಚುವುದು ನನಗೆ ಸಂಕಟ. ಅಷ್ಟಕ್ಕೂ ವಯಸ್ಸು ಅಡಗುತ್ತದಾ? ಹುಟ್ಟಿದ ತಾರೀಕು ಇರುವ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡನ್ನು ನಾವೇ ಫೈಲಿನಲ್ಲಿಟ್ಟು ಕೊಡುತ್ತೇವೆ.

ವೈನಿ ತಲೆಗೆ ಎಣ್ಣೆ ಹಚ್ಚಿ, ಬಿಗಿಯಾಗಿ ಜಡೆ ಹೆಣೆದು, ಇಳಕಲ್ ಸೀರೆ ಉಟ್ಟು ಹೋದರು. ಕೆಲಸ ಸಿಗಲಿಲ್ಲ. ಕೂದಲಿನಿಂದಲೇ ಹಾಗಾಯಿತು ಎಂದು ನಾನು ಹೇಳಲಾರೆ. ಆದರೆ ಮೇಜಿನ ಆಚೆ ಇದ್ದ ಒಬ್ಬರು, ಈ ವಯಸ್ಸಿನಲ್ಲಿ ಮಕ್ಕಳನ್ನು ಸಂಭಾಳಿಸೋದು ಆಗುತ್ತಾ ಎಂದು ಕೇಳಿದರಂತೆ. ಅದೇ ಮೇಜಿಗೆ ಕೂತಿದ್ದ ಗಂಡಸರಲ್ಲಿ ಇಬ್ಬರ ತಲೆ ಪೂರ್ತಿ ಬೆಳ್ಳಗಿತ್ತು. ಅವರನ್ನು ಎಲ್ಲರೂ ‘ಸರ್’ ಎಂದು ಗೌರವದಿಂದ ಕರೆಯುತ್ತಿದ್ದರಂತೆ. ಗಂಡಸಿನ ನರೆ ಅನುಭವ, ಹೆಂಗಸಿನ ನರೆ ದಣಿವು ಎಂದು ಓದುವುದು ಅನ್ಯಾಯ ಅಲ್ವಾ? ಗಂಗೂಬಾಯಿ ಹಾನಗಲ್ ಅವರು ನರೆತ ತಲೆಯಲ್ಲಿ ಹಾಡಲು ಕೂತಾಗ ಸಭೆಯೆಲ್ಲ ಕೈಮುಗಿದ ಊರು ನಮ್ಮದು.

ನಾನಿರುವ ಜರ್ಮನಿಯಲ್ಲಿ ಎಲ್ಲ ಸರಿಯಿದೆ ಎಂದು ನಾನು ಹೇಳುವುದಿಲ್ಲ. ಇಲ್ಲಿಯೂ ಐವತ್ತು ದಾಟಿದವರಿಗೆ ಕೆಲಸ ಬದಲಿಸುವುದು ಕಷ್ಟ. ಈಗಲೂ ಅರ್ಜಿಗೆ ಫೋಟೊ ಅಂಟಿಸುವವರು ಇದ್ದಾರೆ. ಆದರೆ 2006ರಲ್ಲಿ ಬಂದ ಕಾನೂನು ಕೆಲಸಕ್ಕೆ ತೆಗೆದುಕೊಳ್ಳುವಾಗ ವಯಸ್ಸು ನೋಡಿ ಭೇದ ಮಾಡಬಾರದು ಅನ್ನುತ್ತದೆ. ಹಾಗೆ ಮಾಡಿದರೆ ಪರಿಹಾರ ಕೇಳಬಹುದು. ಜಾಹೀರಾತಿನಲ್ಲಿ ‘ಯುವ ತಂಡ’ ಎಂದು ಬರೆದ ಕಂಪನಿಗಳ ಮೇಲೆ ಜನ ಕೋರ್ಟಿಗೆ ಹೋಗಿದ್ದಾರೆ. ಹಾಗಾಗಿ ಇಂಟರ್‌ವ್ಯೂ ಮಾಡುವವರು ಬಾಯಿ ತೆರೆಯುವ ಮೊದಲು ಯೋಚಿಸುತ್ತಾರೆ. ನನ್ನ ಆಫೀಸಿನಲ್ಲಿ ನರೆತ ತಲೆಯ ಹೆಂಗಸರೂ ಹಸಿರು ಕೂದಲಿನ ಹುಡುಗಿಯೂ ಅಕ್ಕಪಕ್ಕ ಕೂತಿರುತ್ತಾರೆ.

ನಮ್ಮ ಕಡೆ ಇದು ಆಗದ ಮಾತಲ್ಲ. ಶಿಗ್ಗಾವಿಯಲ್ಲಿ ಹುಟ್ಟಿ, ಹುಬ್ಬಳ್ಳಿಯ ಬಿವಿಬಿ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿದ ಸುಧಾ ಮೂರ್ತಿಯವರು, ಹೆಂಗಸರು ಅರ್ಜಿ ಹಾಕುವುದು ಬೇಡ ಎಂದಿದ್ದ ಟಾಟಾದವರ ಟೆಲ್ಕೊ ಕಂಪನಿಯ ಜಾಹೀರಾತು ನೋಡಿ 1974ರಲ್ಲಿ ಜೆ.ಆರ್‌.ಡಿ. ಟಾಟಾ ಅವರಿಗೇ ಕಾರ್ಡು ಬರೆದರು. ಇಂಟರ್‌ವ್ಯೂಗೆ ಕರೆ ಬಂತು, ಕೆಲಸವೂ ಸಿಕ್ಕಿತು. ಬದಲಾಗಬೇಕಾದದ್ದು ಜಾಹೀರಾತು ಎಂದು ಆ ಹುಡುಗಿಗೆ ಆಗಲೇ ಗೊತ್ತಿತ್ತು.

ಹುಬ್ಬಳ್ಳಿ, ಗದಗ, ಹಾವೇರಿಯಲ್ಲಿ ಶಾಲೆ ಕಾಲೇಜು ನಡೆಸುವವರಲ್ಲಿ ನನ್ನ ಕೋರಿಕೆ ಇಷ್ಟೇ. ಅರ್ಜಿಯಲ್ಲಿ ಫೋಟೊ ಕೇಳಬೇಡಿ. ಹುಟ್ಟಿದ ತಾರೀಕು ಕೆಲಸಕ್ಕೆ ತೆಗೆದುಕೊಂಡ ಮೇಲೆ ನೋಡಿ. ಬಂದವರ ತಲೆ ನೋಡುವ ಬದಲು ಅವರನ್ನು ಆರನೇ ಕ್ಲಾಸಿನ ಮಕ್ಕಳ ಮುಂದೆ ನಿಲ್ಲಿಸಿ, ಕೈಗೆ ಚಾಕ್‌ಪೀಸ್ ಕೊಟ್ಟು, ಭಿನ್ನರಾಶಿಯ ಒಂದು ಪೂರ್ತಿ ಪಾಠ ಮಾಡಲು ಬಿಡಿ. ಆಮೇಲೆ ಮಕ್ಕಳನ್ನು ಕೇಳಿ, ಅರ್ಥ ಆಯಿತಾ ಅಂತ.